ಬೆಳಗಿನ ಆ ಒಂದು ಗಂಟೆಯನ್ನು ಮಕ್ಕಳಿಗೆ ಬಿಟ್ಟುಕೊಡಿ

ರಾಜ್ಯದ ಶಾಲಾ ಶಿಕ್ಷಣ ಸಚಿವರಿಗೆ, ಬೆಂಗಳೂರಿನ ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರಿಗೆ, ಹೈಸ್ಕೂಲು ಮತ್ತು ಪಿಯುಸಿ ಓದುವ ಮಕ್ಕಳಿರುವ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬೆಂಗಳೂರಿನ ಪಶ್ಚಿಮ ದಿಕ್ಕಿನ ಒಂದು ಖಾಸಗಿ ಶಾಲೆ. ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತು. ನಮ್ಮಲ್ಲಿ ಮೊದಲ ಪಿರಿಯಡ್ 7:40ಕ್ಕೆ. ದಸರಾ ರಜೆ ಮುಗಿದ ಮೇಲೆ ಹತ್ತನೇ ತರಗತಿಯವರಿಗೆ 7 ಗಂಟೆಗೇ ಸ್ಪೆಷಲ್ ಕ್ಲಾಸ್. ಈ ಊರಿನಲ್ಲಿ ಇದು ಅಪರೂಪದ ವಿಷಯವೇನಲ್ಲ. ನಿಮ್ಮ ಬಡಾವಣೆಯ ಮೂಲೆಯಲ್ಲಿ ಬೆಳಗ್ಗೆ 6:15ಕ್ಕೆ ನಿಂತು ನೋಡಿ. ಎಷ್ಟು ಹಳದಿ ಬಸ್ಸುಗಳು, ಎಷ್ಟು ವ್ಯಾನುಗಳು! ಒಳಗೆ ಕಿಟಕಿಗೆ ತಲೆ ಆನಿಸಿ ಮಲಗಿರುವ ಮಕ್ಕಳು.

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೇ ತರಗತಿಗೆ ಮೆದುಳಿನ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಚಿತ್ರ ಬರೆದು ತಿರುಗಿದರೆ ಮೂರನೇ ಬೆಂಚಿನ ಹುಡುಗ ನಿದ್ದೆ ಹೋಗಿದ್ದ. ಅದು ಆ ವಾರದಲ್ಲಿ ಮೂರನೇ ಸಲ. ನನಗೆ ಸಿಟ್ಟು ಬಂತು. ಎದ್ದು ಹಿಂದಿನ ಗೋಡೆ ಹತ್ತಿರ ಹೋಗಿ ನಿಲ್ಲು ಅಂದೆ. ಹೋಗಿ ನಿಂತ. ಹತ್ತು ನಿಮಿಷ ಆಗಿರಬಹುದು, ಧಪ್ ಅಂತ ಶಬ್ದ ಬಂತು. ನಿಂತಲ್ಲೇ ನಿದ್ದೆ ಬಂದು ತಲೆ ಗೋಡೆಗೆ ಬಡಿದಿತ್ತು. ಮಕ್ಕಳೆಲ್ಲ ನಕ್ಕರು. ಅವನು ನಗಲಿಲ್ಲ. "ಸಾರಿ ಮಿಸ್, ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ" ಅಂದ.

ಬಿಡುವಿನಲ್ಲಿ ಕರೆದು ಕೂರಿಸಿಕೊಂಡು ಕೇಳಿದೆ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಕಡೆಯಿಂದ ಬರುವ ಹುಡುಗ. ವ್ಯಾನ್ ಹತ್ತುವುದು 6:10ಕ್ಕೆ, ಏಳುವುದು 5ಕ್ಕೆ. ಸಂಜೆ ಟ್ಯೂಷನ್ ಮುಗಿಸಿ ಮನೆ ಸೇರುವಾಗ 8:30. ಊಟ, ಹೋಂವರ್ಕ್. ಹಾಸಿಗೆಗೆ ಹೋಗುವಾಗ 11 ಗಂಟೆ. "ಮಲಗಿದ ತಕ್ಷಣ ನಿದ್ದೆ ಬರಲ್ಲ ಮಿಸ್, ಸುಮ್ನೆ ಹೊರಳಾಡ್ತಾ ಇರ್ತೀನಿ." ಲೆಕ್ಕ ಹಾಕಿದೆ. ಐದೂವರೆ ಗಂಟೆಯೂ ನಿದ್ದೆ ಇಲ್ಲ. 13ರಿಂದ 18 ವಯಸ್ಸಿನ ಮಕ್ಕಳಿಗೆ ನಿದ್ರಾ ತಜ್ಞರು ಹೇಳುವುದು 8ರಿಂದ 10 ಗಂಟೆ. ನಾನು ಆ ಹುಡುಗನಿಗೆ ಶಿಕ್ಷೆ ಕೊಟ್ಟಿದ್ದೆ. ಅದೂ ಮೆದುಳಿನ ಪಾಠ ಮಾಡುತ್ತಾ!

ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ, ನನ್ನ ಮಕ್ಕಳನ್ನೂ ಕ್ಲಾಸಿನ ಮಕ್ಕಳನ್ನೂ ಬೇರೆ ಕಣ್ಣಿನಿಂದ ನೋಡಿದೆ. ಹಾಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡಬೇಕು. ಆಮೇಲೆ ಒಂದು ಬೇಡಿಕೆ ಇದೆ: ದೊಡ್ಡ ಮಕ್ಕಳ ಪಾಠ ಬೆಳಗ್ಗೆ ಇನ್ನೂ ಸ್ವಲ್ಪ ತಡವಾಗಿ ಶುರುವಾಗಲಿ.

ನಮ್ಮ ಎರಡೂ ಕಣ್ಣುಗಳಿಂದ ಹೊರಟ ನರಗಳು ಮೆದುಳಿನ ತಳದಲ್ಲಿ ಒಂದನ್ನೊಂದು ದಾಟುತ್ತವೆ. ಆ ಕೂಡುರಸ್ತೆಯ ಮೇಲೆಯೇ ನರಕೋಶಗಳ ಒಂದು ಪುಟ್ಟ ಗುಂಪಿದೆ. ಅಕ್ಕಿ ಕಾಳಿಗಿಂತ ದೊಡ್ಡದಲ್ಲ. ಸುಮಾರು 20,000 ಕೋಶಗಳು. ಇದೇ ದೇಹದ ಗಡಿಯಾರ. ಯಾವಾಗ ಹಸಿವು, ಯಾವಾಗ ಮೈ ಬಿಸಿ ಏರಬೇಕು, ಯಾವಾಗ ನಿದ್ದೆ ಎಂಬುದಕ್ಕೆಲ್ಲ ತಾಳ ಹಾಕುವುದು ಇದು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಗಡಿಯಾರ ತನ್ನ ಮುಳ್ಳನ್ನು ಸರಿಮಾಡಿಕೊಳ್ಳುತ್ತದೆ. ಸಂಜೆ ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ರಾತ್ರಿ ಬಂತು ಎಂದು ದೇಹಕ್ಕೆಲ್ಲ ಡಂಗುರ ಹೊಡೆಯುವುದು ಅದರ ಕೆಲಸ.

ಈ ಗಡಿಯಾರ ಒಂದೊಂದು ಕೋಶದ ಒಳಗೂ ಹೇಗೆ ಓಡುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದವರು ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್. ಒಂದು ಪ್ರೋಟೀನ್ ರಾತ್ರಿಯೆಲ್ಲ ಕೂಡುತ್ತಾ ಹೋಗುತ್ತದೆ, ಹಗಲಲ್ಲಿ ಕರಗುತ್ತದೆ. ಹೆಚ್ಚಾದಾಗ ತನ್ನ ತಯಾರಿಯನ್ನು ತಾನೇ ನಿಲ್ಲಿಸುತ್ತದೆ. ಈ ಒಂದು ಸುತ್ತಿಗೆ ಹತ್ತಿರ ಹತ್ತಿರ 24 ಗಂಟೆ. 2017ರಲ್ಲಿ ಈ ಮೂವರಿಗೆ ನೊಬೆಲ್ ಬಂತು. ದೂರದ ಮಾತು ಬೇಡ ಅಂದರೆ ನಮ್ಮ ಊರಿನದ್ದೇ ಇದೆ. ಮಧುರೈ ಬಳಿಯ ಗುಹೆಗಳ ಕತ್ತಲಲ್ಲಿ ನೇತಾಡುವ ಬಾವಲಿಗಳಿಗೆ ಹೊರಗೆ ಸಂಜೆಯಾದದ್ದು ಹೇಗೆ ತಿಳಿಯುತ್ತದೆ ಎಂದು ವರ್ಷಗಟ್ಟಲೆ ಹುಡುಕಿದ ಎಂ.ಕೆ. ಚಂದ್ರಶೇಖರನ್ ಅವರು ಆಮೇಲೆ ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಜೀವಿಗಳ ಗಡಿಯಾರದ ಮೇಲೆ ಬಹಳ ಕಾಲದಿಂದ ಕೆಲಸ ನಡೆದಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮನುಷ್ಯರ ನಿದ್ದೆಯ ಸಂಶೋಧನೆಗೆಂದೇ ಪ್ರಯೋಗಾಲಯ ಇದೆ. ಇಷ್ಟೆಲ್ಲ ಅರಿವು ಇರುವ ಊರು ನಮ್ಮದು. ಅದು ಶಾಲೆಯ ಗಂಟೆಯವರೆಗೆ ಬಂದು ತಲುಪಿಲ್ಲ.

ಈಗ ಮುಖ್ಯ ಮಾತು. ಮಗು ದೊಡ್ಡದಾಗುವಾಗ ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ಮುಟ್ಟು ಶುರುವಾಗುತ್ತದೆ. ಇವೆಲ್ಲ ನಮ್ಮ ಕಣ್ಣಿಗೆ ಕಾಣುತ್ತವೆ. ಅದೇ ಹೊತ್ತಿಗೆ ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆಯೂ ಆಗುತ್ತದೆ. ದೇಹದ ಗಡಿಯಾರ ಒಂದರಿಂದ ಎರಡು ಗಂಟೆಯಷ್ಟು ಹಿಂದಕ್ಕೆ ಸರಿಯುತ್ತದೆ. ಐದನೇ ತರಗತಿಯಲ್ಲಿ ರಾತ್ರಿ 9ಕ್ಕೆ ಸೋಫಾ ಮೇಲೇ ನಿದ್ದೆ ಹೋಗುತ್ತಿದ್ದ ಮಗು, ಒಂಬತ್ತನೇ ತರಗತಿಗೆ ಬಂದ ಮೇಲೆ 11 ಆದರೂ ಕಣ್ಣು ಪಿಳಿಪಿಳಿ ಬಿಡುತ್ತದೆ. ಮೆಲಟೋನಿನ್ ಇಳಿಯುವುದೇ ತಡ. ಅದೂ ಅಲ್ಲದೆ, ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಏರುತ್ತಾ ಹೋಗುವ ನಿದ್ದೆಯ ಒತ್ತಡ ಈ ವಯಸ್ಸಿನಲ್ಲಿ ನಿಧಾನವಾಗಿ ಏರುತ್ತದೆ. ಎರಡೂ ಸೇರಿ ಮಗುವನ್ನು ಎಚ್ಚರವಾಗಿಡುತ್ತವೆ. ಇದು ಸುಮಾರು ಇಪ್ಪತ್ತನೇ ವಯಸ್ಸಿನವರೆಗೆ ಹೀಗೇ ಇದ್ದು, ಆಮೇಲೆ ಮೆಲ್ಲಗೆ ಮುಂದಕ್ಕೆ ಬರುತ್ತದೆ. ಎಷ್ಟೋ ದೇಶಗಳ ಮಕ್ಕಳಲ್ಲಿ ಇದನ್ನು ನೋಡಿದ್ದಾರೆ. ಬೇರೆ ಕೆಲವು ಪ್ರಾಣಿಗಳ ಮರಿಗಳಲ್ಲೂ ಪ್ರಾಯಕ್ಕೆ ಬರುವಾಗ ಇಂಥದ್ದೇ ಕಂಡಿದೆ.

"ಎಲ್ಲಾ ಮೊಬೈಲ್ ಮಹಿಮೆ, ಅದನ್ನ ಕಿತ್ಕೊಂಡ್ರೆ ಸರಿಹೋಗ್ತಾರೆ." ಪೇರೆಂಟ್ಸ್ ಮೀಟಿಂಗಿನಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಮೊಬೈಲಿನ ಪಾಲು ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಕಣ್ಣಿಗೆ ಬೀಳುವ ಬೆಳಕು ಮೆಲಟೋನಿನ್ ಅನ್ನು ಇನ್ನೂ ತಡ ಮಾಡುತ್ತದೆ. ಆದರೆ ಅಮೆರಿಕದ ನಿದ್ರಾ ವಿಜ್ಞಾನಿ ಮೇರಿ ಕಾರ್ಸ್‌ಕಡನ್ ಮತ್ತು ಜೊತೆಯವರು ಪ್ರಾಯಕ್ಕೂ ತಡವಾಗಿ ಬರುವ ನಿದ್ದೆಗೂ ಇರುವ ನಂಟನ್ನು ಬರೆದು ಪ್ರಕಟಿಸಿದ್ದು 1993ರಲ್ಲಿ. ಆಗ ಯಾವ ಮಗುವಿನ ಕೈಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ. ಬೆಳಕಿನ ಮಾತು ಬಂತು ಅಂತ ಹೇಳುತ್ತೇನೆ. 1905ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದು ಬೆಂಗಳೂರಿನ ಬೀದಿ ದೀಪಗಳು ಹೊತ್ತಿಕೊಂಡಾಗಿನಿಂದ ಈ ಊರಿನ ರಾತ್ರಿ ಚಿಕ್ಕದಾಗುತ್ತಲೇ ಬಂದಿದೆ. ಆ ಬೆಳಕು ನಮಗೆ ಬೇಕು. ಅದಕ್ಕೆ ತಕ್ಕಂತೆ ಬೆಳಗನ್ನು ಸ್ವಲ್ಪ ಸರಿಸಿಕೊಳ್ಳುವುದನ್ನು ಮಾತ್ರ ನಾವು ಕಲಿತಿಲ್ಲ.

ನಮ್ಮ ಹಿರಿಯರು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದು ಅನ್ನುತ್ತಿದ್ದರು. ನನ್ನ ಅಜ್ಜಿಯೂ ಅನ್ನುತ್ತಿದ್ದಳು. ನಾನು ಹಾಗೇ ಓದಿದವಳು. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಜ್ಜಿಯ ಮನೆಯಲ್ಲಿ ರಾತ್ರಿ ಎಂಟಕ್ಕೆ ಊಟ, ಎಂಟೂವರೆಗೆ ದೀಪ ಸಣ್ಣ. ನಾಲ್ಕೂವರೆಗೆ ಎದ್ದರೂ ಎಂಟು ಗಂಟೆ ನಿದ್ದೆ ಆಗಿರುತ್ತಿತ್ತು. ನಾವು ಅಜ್ಜಿಯ ಬೆಳಗನ್ನು ಇಟ್ಟುಕೊಂಡು ಅಜ್ಜಿಯ ಸಂಜೆಯನ್ನು ಬಿಟ್ಟೆವು. ಈಗ ಪೇಟೆಯಲ್ಲಿ ಅಪ್ಪನೋ ಅಮ್ಮನೋ ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ಮನೆಗೆ ಬರುವುದೇ ಒಂಬತ್ತಕ್ಕೆ. ಅವರ ಮುಖ ನೋಡಿ, ನಾಲ್ಕು ಮಾತಾಡಿ ಮಲಗಬೇಕು ಅಂತ ಮಕ್ಕಳಿಗೂ ಆಸೆ ಇರುತ್ತದೆ. ಅದನ್ನು ತಪ್ಪು ಅನ್ನುವುದಕ್ಕಾಗುತ್ತದಾ?

ಐದು ಗಂಟೆಗೆ ಎಬ್ಬಿಸಿದರೆ ಮಗು ಏನು ಕಳೆದುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾತ್ರಿಯ ನಿದ್ದೆ ಒಂದೇ ಹದದ್ದಲ್ಲ. ಮೊದಲರ್ಧದಲ್ಲಿ ಗಾಢ ನಿದ್ದೆ ಜಾಸ್ತಿ. ಕೊನೆಯ ಮೂರನೇ ಒಂದು ಭಾಗದಲ್ಲಿ ಕನಸಿನ ನಿದ್ದೆ ಜಾಸ್ತಿ. ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಈ ನಿದ್ದೆಯನ್ನು ಮೊದಲು ಗುರುತಿಸಿ ಬರೆದಿದ್ದು 1953ರಲ್ಲಿ. ಐದಕ್ಕೆ ಎಬ್ಬಿಸಿದರೆ ಹೆಚ್ಚಾಗಿ ಕತ್ತರಿಸಿಹೋಗುವುದು ಈ ಕೊನೆಯ ಭಾಗವೇ.

ನೆನಪಿಗಾಗಿ ನಿದ್ದೆ ಮಾಡುವ ಕೆಲಸ ನನಗೆ ಬಹಳ ಇಷ್ಟವಾದ ವಿಷಯ. ಹಗಲಲ್ಲಿ ಹೊಸದಾಗಿ ಕಲಿತದ್ದನ್ನು ಹಿಪೊಕ್ಯಾಂಪಸ್ ಎಂಬ ಭಾಗ ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಅದನ್ನೇ ಮತ್ತೆ ಮತ್ತೆ ಆಡಿಸಿ ಮೆದುಳಿನ ಹೊರಪದರಕ್ಕೆ ದಾಟಿಸುತ್ತದೆ. ಇದು ಊಹೆಯಲ್ಲ. ಇಲಿಗಳು ಎಚ್ಚರವಾಗಿ ಓಡಾಡಿದಾಗ ಒಟ್ಟಿಗೆ ಮಿಡಿದ ಕೋಶಗಳೇ ಆಮೇಲಿನ ನಿದ್ದೆಯಲ್ಲೂ ಒಟ್ಟಿಗೆ ಮಿಡಿದದ್ದನ್ನು 1994ರಲ್ಲೇ ಅಳೆದು ತೋರಿಸಿದ್ದಾರೆ. ನಾನು ಮಕ್ಕಳಿಗೆ ಹೀಗೆ ಹೇಳುತ್ತೇನೆ: ಹಗಲಲ್ಲಿ ಕಣದಲ್ಲಿ ರಾಗಿ ರಾಶಿ ಹಾಕಿರುತ್ತೀರಿ, ರಾತ್ರಿ ಅದನ್ನು ಕಣಜಕ್ಕೆ ತುಂಬುವ ಕೆಲಸ ನಡೆಯುತ್ತದೆ. ತುಂಬುವವರನ್ನು ಅರ್ಧದಲ್ಲೇ ಎಬ್ಬಿಸಿ ಕಳಿಸಿದರೆ ರಾಶಿ ಕಣದಲ್ಲೇ ಉಳಿಯುತ್ತದೆ. ಮಾರನೇ ದಿನ ಅದರ ಮೇಲೇ ಹೊಸ ರಾಶಿ ಹಾಕುತ್ತೇವೆ. ಸ್ಪೆಷಲ್ ಕ್ಲಾಸಿನಲ್ಲಿ ಹತ್ತು ಸಲ ಹೇಳಿದ ಓಮ್‌ನ ನಿಯಮ ಪರೀಕ್ಷೆ ದಿನ ನೆನಪಿಗೆ ಬರಲಿಲ್ಲ ಅಂತ ಅಳುವ ಮಗುವಿಗೆ ಏನು ಹೇಳಬೇಕು?

ಇನ್ನು ಮನಸ್ಸಿನ ವಿಷಯ. ಬೆದರಿಕೆ, ಸಿಟ್ಟು, ಭಯ ಬಂದಾಗ ಮೆದುಳಿನ ಒಳಗೆ ಬಾದಾಮಿ ಆಕಾರದ ಅಮಿಗ್ಡಲ ಎಂಬ ಭಾಗ ಕೆರಳುತ್ತದೆ. ಹಣೆಯ ಹಿಂದಿನ ಭಾಗ ಅದನ್ನು ಸಮಾಧಾನ ಮಾಡುತ್ತದೆ. 2007ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ಒಂದು ರಾತ್ರಿಯಿಡೀ ನಿದ್ದೆ ಬಿಟ್ಟ ಯುವಕ ಯುವತಿಯರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ನಿದ್ದೆ ಮಾಡಿದವರಿಗಿಂತ ಅವರ ಅಮಿಗ್ಡಲ 60 ಶೇಕಡಾ ಹೆಚ್ಚು ಕೆರಳಿತ್ತು. ಸಮಾಧಾನ ಮಾಡಬೇಕಾದ ಭಾಗದ ಜೊತೆಗಿನ ಕೊಂಡಿ ಸಡಿಲವಾಗಿತ್ತು. ಅವರೆಲ್ಲ ಬೆಳೆದವರು. ಹದಿನಾಲ್ಕರ ಮಗುವಿನಲ್ಲಿ ಹಣೆಯ ಹಿಂದಿನ ಆ ಭಾಗ ಇನ್ನೂ ಬೆಳೆಯುತ್ತಲೇ ಇರುತ್ತದೆ. ಅದು ಪೂರ್ತಿ ಮಾಗುವುದು ಇಪ್ಪತ್ತೈದರ ಹತ್ತಿರ. ಅಂಥ ಮಗುವನ್ನು ದಿನಾ ಅರೆನಿದ್ದೆಯಲ್ಲಿ ಎಬ್ಬಿಸಿ, ಆಮೇಲೆ ಯಾಕೆ ಇಷ್ಟು ಸಿಡುಕು, ಯಾಕೆ ಸಣ್ಣದಕ್ಕೂ ಅಳು ಅಂತ ಕೇಳುತ್ತೇವೆ. ಎಲ್ಲ ಸಿಡುಕಿಗೂ ನಿದ್ದೆಯೇ ಕಾರಣ ಅಂತ ನಾನು ಹೇಳುವುದಿಲ್ಲ. ಕೆಲವು ಮಕ್ಕಳಿಗೆ ನಿಜವಾಗಿಯೂ ಮನೋವೈದ್ಯರ ಸಹಾಯ ಬೇಕಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಅಂತ ನಾನೇ ಎಷ್ಟೋ ಮನೆಯವರಿಗೆ ಹೇಳಿದ್ದೇನೆ. ಆದರೆ ಅಲ್ಲಿಗೆ ಹೋಗುವ ಮೊದಲು ಮಗುವಿಗೆ ಕಣ್ತುಂಬ ನಿದ್ದೆ ಸಿಗುತ್ತಿದೆಯಾ ಅಂತ ಕೇಳಬೇಕು ಅಲ್ವಾ?

"ಅಭ್ಯಾಸ ಆಗುತ್ತೆ ಬಿಡಿ" ಅನ್ನುವವರೂ ಇದ್ದಾರೆ. ಆಗುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ದೊಡ್ಡವರಿಗೆ ಎರಡು ವಾರ ರಾತ್ರಿಗೆ ಆರೇ ಗಂಟೆ ಮಲಗಲು ಬಿಟ್ಟರು. ದಿನ ಹೋದ ಹಾಗೆ ಅವರ ಗಮನ, ಚುರುಕು ಕುಸಿಯುತ್ತಲೇ ಹೋಯಿತು. ಕೊನೆಗೆ ಅದು ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಭಯ ಆಗುವ ವಿಷಯ ಅಂದರೆ, ತಾವು ಅಷ್ಟು ಕುಸಿದಿದ್ದೇವೆ ಎಂದು ಅವರಿಗೆ ಅನ್ನಿಸುತ್ತಿರಲಿಲ್ಲ. ನಮ್ಮ ಮಕ್ಕಳೂ ಹಾಗೆಯೇ. "ನಂಗೇನೂ ಆಗಿಲ್ಲ ಮಿಸ್" ಅನ್ನುತ್ತಾರೆ.

ಅಭ್ಯಾಸ ಆಗಲಿ ಅಂತ ಕಾಫಿ ಕೊಡುವ ಮನೆಗಳೂ ಇವೆ. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆಗೆ ಎಳೆಯುತ್ತದೆ. ಕಾಫಿಯ ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂರುತ್ತದೆ, ಅಷ್ಟೇ. ಆಯಾಸ ಎಲ್ಲೂ ಹೋಗಿರುವುದಿಲ್ಲ. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಟ್ಯೂಷನ್ನಿಗೆ ಹೋಗುವ ಮೊದಲು ಕೊಟ್ಟ ಸ್ಟ್ರಾಂಗ್ ಫಿಲ್ಟರ್ ಕಾಫಿ ರಾತ್ರಿ 11ಕ್ಕೂ ಕೆಲಸ ಮಾಡುತ್ತಿರುತ್ತದೆ. ದಯವಿಟ್ಟು ನಿಲ್ಲಿಸಿ.

ಭಾನುವಾರ 11 ಗಂಟೆಯವರೆಗೆ ಮಲಗುವ ಮಗನನ್ನು ಕುಂಭಕರ್ಣ ಅಂತ ಕರೆಯುತ್ತೇವೆ. ಅವನು ವಾರವಿಡೀ ಆದ ಸಾಲ ತೀರಿಸುತ್ತಿರುತ್ತಾನೆ. ಪೂರ್ತಿ ತೀರುವುದಿಲ್ಲ. ಸೋಮವಾರ ಮತ್ತೆ ಐದಕ್ಕೆ ಎದ್ದಾಗ ದೇಹಕ್ಕೆ ದೂರದ ದೇಶದಿಂದ ವಿಮಾನದಲ್ಲಿ ಬಂದು ಇಳಿದ ಹಾಗಿರುತ್ತದೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6:45ರ ಹತ್ತಿರ. ವ್ಯಾನ್ ಬಂದು ಹೋಗಿ ಅರ್ಧ ಗಂಟೆ ಆದ ಮೇಲೆ! ಗಡಿಯಾರವನ್ನು ಸರಿಮಾಡಬೇಕಾದ ಬೆಳಕು ಕಾಣುವ ಮೊದಲೇ ಆ ಮಕ್ಕಳ ದಿನ ಶುರುವಾಗಿರುತ್ತದೆ. ಪಬ್ಲಿಕ್ ಪರೀಕ್ಷೆಗೆ ತಯಾರಾಗಬೇಕಲ್ಲ ಅನ್ನುತ್ತಾರೆ. ಈಚಿನ ವರ್ಷಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯೇ 10 ಗಂಟೆಗೋ 10:30ಕ್ಕೋ ಶುರುವಾಗುತ್ತದೆ. ಹಾಗಿರುವಾಗ ಏಳು ಗಂಟೆಗೆ ಲೆಕ್ಕ ಬಿಡಿಸುವ ತಾಲೀಮು ಯಾವ ಪರೀಕ್ಷೆಗೆ?

ಸಮಯ ಬದಲಿಸಿದರೆ ಏನಾಗುತ್ತದೆ ಎಂದು ಬೇರೆಯವರು ಮಾಡಿ ನೋಡಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಹೈಸ್ಕೂಲಿನ ಸಮಯವನ್ನು 7:50ರಿಂದ 8:45ಕ್ಕೆ ಸರಿಸಿದರು. "ತಡವಾಗಿ ಬನ್ನಿ ಅಂದರೆ ಇನ್ನೂ ತಡವಾಗಿ ಮಲಗುತ್ತಾರೆ" ಎಂಬ ಅನುಮಾನ ಅಲ್ಲೂ ಇತ್ತು. ಮಕ್ಕಳ ಕೈಗೆ ಅಳತೆಯ ಪಟ್ಟಿ ಕಟ್ಟಿ ನೋಡಿದಾಗ ರಾತ್ರಿಗೆ 34 ನಿಮಿಷ ಜಾಸ್ತಿ ನಿದ್ದೆ ಮಾಡುತ್ತಿದ್ದರು. ಮೂವತ್ನಾಲ್ಕು ನಿಮಿಷ ಏನು ಮಹಾ ಅನ್ನಿಸಬಹುದು. ವಾರಕ್ಕೆ ಐದು ದಿನ ಅಂದರೂ ಸುಮಾರು ಮೂರು ಗಂಟೆ. ಬಡ ಮನೆಗಳ ಮಕ್ಕಳು ಹೆಚ್ಚಿದ್ದ ಶಾಲೆಯಲ್ಲಿ ಹಾಜರಾತಿಯೂ ಸುಧಾರಿಸಿತು. ಅಲ್ಲಿನ ಮಕ್ಕಳ ವೈದ್ಯರ ಸಂಘ 2014ರಲ್ಲೇ ಈ ವಯಸ್ಸಿನವರಿಗೆ 8:30ಕ್ಕಿಂತ ಮೊದಲು ಶಾಲೆ ಬೇಡ ಎಂದು ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲಿಗೆ ಇದು ಕಾನೂನು. ಫ್ಲೋರಿಡಾ ಇಂಥದ್ದೇ ಕಾನೂನು ಮಾಡಿ, ಬಸ್ಸಿನ ತಾಪತ್ರಯ, ಖರ್ಚು ಎಂದು 2025ರಲ್ಲಿ ಕೈಬಿಟ್ಟಿತು. ಅದನ್ನೂ ನಾನು ಮುಚ್ಚಿಡುವುದಿಲ್ಲ. ಬಸ್ಸಿನ ವಿಷಯಕ್ಕೆ ಈಗಲೇ ಬರುತ್ತೇನೆ.

ನಮ್ಮಲ್ಲೂ ಒಂದು ಸಲ ಈ ಬಾಗಿಲು ತೆರೆದಿತ್ತು. 2023ರಲ್ಲಿ ಬೆಂಗಳೂರಿನ ಟ್ರಾಫಿಕ್ ಬಗ್ಗೆ ವಿಚಾರಣೆ ಮಾಡುತ್ತಾ ಹೈಕೋರ್ಟು ಶಾಲೆಗಳ ಸಮಯ ಬದಲಿಸುವುದನ್ನು ಯೋಚಿಸಿ ಎಂದು ಸರ್ಕಾರಕ್ಕೆ ಹೇಳಿತು. ಇಲಾಖೆ ಶಾಲೆಗಳವರನ್ನೂ ಪೋಷಕರನ್ನೂ ಕರೆದು ಮಾತಾಡಿತು. ವಿರೋಧವೇ ಜಾಸ್ತಿ ಬಂತು, ವಿಷಯ ಅಲ್ಲಿಗೇ ನಿಂತಿತು. ಆಗ ಪೇಪರಿನಲ್ಲಿ ಬಂದದ್ದನ್ನೆಲ್ಲ ನಾನು ಓದಿದೆ. ಮಾತು ಹೆಚ್ಚಾಗಿ ರಸ್ತೆಯ ಸುತ್ತಲೇ ಸುತ್ತಿತು. ಬಸ್ಸುಗಳು ಬೇಗ ಹೋದರೆ ರಸ್ತೆ ಖಾಲಿಯಾಗುತ್ತದಾ, ಕಚೇರಿಗೆ ಹೋಗುವವರಿಗೆ ಅನುಕೂಲವಾಗುತ್ತದಾ ಎಂಬ ಪ್ರಶ್ನೆಗಳು. ಆ ಬಸ್ಸಿನ ಒಳಗೆ ಕೂತವರ ಮೆದುಳು ಎಷ್ಟು ಹೊತ್ತಿಗೆ ಏಳುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕ ಜಾಗ ತೀರಾ ಚಿಕ್ಕದು. ನೆರೆಯ ಮಹಾರಾಷ್ಟ್ರದಲ್ಲಿ 2024ರ ಫೆಬ್ರವರಿಯಲ್ಲಿ ನಾಲ್ಕನೇ ತರಗತಿಯವರೆಗಿನ ಶಾಲೆಗಳು 9 ಗಂಟೆಗೆ ಮೊದಲು ಶುರುವಾಗಬಾರದು ಎಂದು ಸರ್ಕಾರ ಸುತ್ತೋಲೆ ಹೊರಡಿಸಿತು. ನಿದ್ದೆಯ ಕಾರಣ ಹೇಳಿಯೇ ಹೊರಡಿಸಿತು. ಅದನ್ನು ನಾನು ಮೆಚ್ಚುತ್ತೇನೆ. ಆದರೆ ವಿಜ್ಞಾನ ನೋಡಿದರೆ ಗಡಿಯಾರ ಹಿಂದಕ್ಕೆ ಸರಿದಿರುವುದು ದೊಡ್ಡ ಮಕ್ಕಳಲ್ಲಿ. ಅವರ ಸರದಿ ಇನ್ನೂ ಬಂದಿಲ್ಲ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಇದು ಸಣ್ಣ ವಿಷಯ ಅಲ್ಲ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2023ರ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 28 ನಿಮಿಷ ಬೇಕು. ಎಂಟೂವರೆ ಆದ ಮೇಲೆ ಸಿಲ್ಕ್ ಬೋರ್ಡ್, ಗೊರಗುಂಟೆಪಾಳ್ಯ ಹೇಗಿರುತ್ತವೆ ಎಂದು ನಾನು ಹೇಳಬೇಕಾಗಿಲ್ಲ. ಬಸ್ಸಿನ ಡ್ರೈವರ್ ಅಣ್ಣಂದಿರಿಗೆ ಎರಡು ಟ್ರಿಪ್ ಆದರೆ ತಾನೇ ಸಂಸಾರ ನಡೆಯುವುದು. ಬಹಳ ಶಾಲೆಗಳಲ್ಲಿ ಈಗಲೇ ಎರಡು ಟ್ರಿಪ್ ಇದೆ. ಮೊದಲ ಟ್ರಿಪ್ಪಿನಲ್ಲಿ ದೊಡ್ಡ ಮಕ್ಕಳು, ಎರಡನೇ ಟ್ರಿಪ್ಪಿನಲ್ಲಿ ನರ್ಸರಿ, ಎಲ್‌ಕೆಜಿ ಮಕ್ಕಳು. ನನ್ನ ಮನವಿ ಇಷ್ಟು: ನಾಲ್ಕರಿಂದ ಏಳನೇ ತರಗತಿಯವರು ಮೊದಲ ಟ್ರಿಪ್ಪಿಗೆ ಬರಲಿ, ಎಂಟನೇ ತರಗತಿ ಮತ್ತು ಅದಕ್ಕೆ ಮೇಲಿನವರು ಎರಡನೇ ಟ್ರಿಪ್ಪಿಗೆ ಬರಲಿ. ಆ ನಡುವಿನ ವಯಸ್ಸಿನವರು ರಾತ್ರಿ ಬೇಗ ಮಲಗಿ ಬೆಳಗ್ಗೆ ತಾವಾಗಿಯೇ ಬೇಗ ಏಳುವವರು. ಅವರಿಗೂ 9 ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು, ಆದ್ದರಿಂದ ಅವರನ್ನೂ ಬೆಳಗ್ಗೆ ಎಂಟು ಗಂಟೆಗಿಂತ ಮೊದಲು ಕರೆಸಬಾರದು. ಅದೇ ಬಸ್ಸು, ಅದೇ ಡ್ರೈವರ್, ಅದೇ ಡೀಸೆಲ್. ಹತ್ತಿಸುವ ಸಾಲು ಮಾತ್ರ ಬೇರೆ. ಎರಡನೇ ಟ್ರಿಪ್ಪಿಗೆ ಟ್ರಾಫಿಕ್ ಸ್ವಲ್ಪ ಜಾಸ್ತಿ ಸಿಗುತ್ತದೆ, ಒಪ್ಪುತ್ತೇನೆ. ಆ ಹತ್ತೋ ಹದಿನೈದೋ ನಿಮಿಷ ರಸ್ತೆಯಲ್ಲಿ ಹೋದರೂ ಬೆಳಗಿನ ಒಂದು ಗಂಟೆ ಹಾಸಿಗೆಯಲ್ಲಿ ಉಳಿಯುತ್ತದೆ.

"ಎಂಟಕ್ಕೆ ನಾವಿಬ್ಬರೂ ಕೆಲಸಕ್ಕೆ ಹೊರಡ್ತೀವಿ, ಮಗು ಒಂಬತ್ತರವರೆಗೆ ಒಂದೇ ಇರಬೇಕಾ?" ಇದು ನ್ಯಾಯವಾದ ಪ್ರಶ್ನೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ನನ್ನನ್ನು ಕೇಳಿದ್ದಾರೆ. ಅಂಥ ಮಕ್ಕಳಿಗೆ ಶಾಲೆಯ ಗೇಟು ಎಂಟಕ್ಕೇ ತೆರೆದಿರಲಿ. ಲೈಬ್ರರಿಯಲ್ಲಿ ಕೂರಲಿ, ಆಟ ಆಡಲಿ. ಪಾಠ ಮಾತ್ರ ಒಂಬತ್ತಕ್ಕೆ.

ಸಚಿವರೇ, ನಿಮ್ಮಲ್ಲಿ ನಾನು ಕೇಳುವುದನ್ನು ನೇರವಾಗಿ ಹೇಳುತ್ತೇನೆ. ಎಂಟನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಬೆಳಗ್ಗೆ 9ಕ್ಕೆ ಮೊದಲು ಪಾಠ ಬೇಡ. ಒಂಬತ್ತು ಆಗದಿದ್ದರೆ 8:30 ಆದರೂ ಆಗಲಿ. ನಮ್ಮ ಸರ್ಕಾರಿ ಶಾಲೆಗಳು ಹೇಗೂ ಅದಕ್ಕಿಂತ ತಡವಾಗಿಯೇ ಶುರುವಾಗುತ್ತವೆ. ಅಲ್ಲಿ ತೊಂದರೆ ಇರುವುದು ಫಲಿತಾಂಶ ಏರಿಸಬೇಕು ಎಂಬ ಒತ್ತಡದಲ್ಲಿ ಸೇರಿಸುವ ಬೆಳಗಿನ ವಿಶೇಷ ತರಗತಿಗಳಿಂದ. ಅವನ್ನು ಸಂಜೆಗೆ ಹಾಕಲಿ. ಅದೂ ಒಂದು ಗಂಟೆಗಿಂತ ಜಾಸ್ತಿ ಬೇಡ. ನೀಟ್, ಜೆಇಇ ಕೋಚಿಂಗನ್ನು ಪಾಠದ ಜೊತೆಗೇ ಸೇರಿಸಿ ಕತ್ತಲಿಂದ ಕತ್ತಲವರೆಗೆ ನಡೆಸುವ ಪಿಯು ಕಾಲೇಜುಗಳಿಗೂ ಈ ನಿಯಮ ಬರಬೇಕು. ಅಲ್ಲಿನ ಮಕ್ಕಳು ಬಂದು ನನ್ನ ಹತ್ತಿರ ಅತ್ತಿದ್ದಾರೆ. ಒಮ್ಮೆಲೇ ಎಲ್ಲ ಕಡೆ ಮಾಡಲು ಧೈರ್ಯ ಸಾಲದಿದ್ದರೆ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಒಂದು ವರ್ಷ ಮಾಡಿ ನೋಡಿ. ನಿಮ್ಹಾನ್ಸ್‌ನವರನ್ನು ಕರೆಯಿರಿ, ಅವರು ಅಳೆಯಲಿ. ನಿದ್ದೆ ಎಷ್ಟು ಹೆಚ್ಚಾಯಿತು, ಹಾಜರಾತಿ ಏನಾಯಿತು, ಮಕ್ಕಳ ಮನಸ್ಸು ಹೇಗಿದೆ ಎಂದು ನಮ್ಮ ಮಕ್ಕಳ ಲೆಕ್ಕ ನಮಗೇ ಸಿಗಲಿ.

ಆಡಳಿತ ಮಂಡಳಿಯವರೇ, ನಿಮಗೆ ಸುತ್ತೋಲೆಗೆ ಕಾಯುವ ಅಗತ್ಯ ಇಲ್ಲ. ನಿಮ್ಮ ಹೈಸ್ಕೂಲಿನ ಮಕ್ಕಳಿಗೆ ಒಂದು ವಾರ ಚೀಟಿಯಲ್ಲಿ ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ ಅಂತ ಬರೆಯಲು ಹೇಳಿ. ಹೆಸರು ಬೇಡ. ನಾನು ನನ್ನ ಕ್ಲಾಸಿನಲ್ಲಿ ಹಾಗೆ ಬರೆಸಿದೆ. ಆ ಚೀಟಿಗಳನ್ನು ಓದಿದ ರಾತ್ರಿ ನನಗೇ ನಿದ್ದೆ ಬರಲಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಚಿಂತೆ ಇಲ್ಲದ ವಯಸ್ಸು ಅಂತ ನಾವು ಅಂದುಕೊಂಡ ವಯಸ್ಸಿನವರು ಅವರು.

ಅಪ್ಪ ಅಮ್ಮಂದಿರೇ, ಸಮಯ ಬದಲಾಗುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪ ಇದೆ. ಮಲಗುವ ಒಂದು ಗಂಟೆ ಮೊದಲು ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಾಕಿ. ಮೊಬೈಲ್ ಹಾಲಿನಲ್ಲಿ ಚಾರ್ಜಿಗೆ ಇರಲಿ, ನಿಮ್ಮದೂ ಅಲ್ಲೇ ಇರಲಿ. ಬೆಳಗ್ಗೆ ವ್ಯಾನಿಗೆ ಕಾಯುವಾಗ ಬೆಳಕು ಬಂದಿದ್ದರೆ ಹೊರಗೆ ನಿಲ್ಲಿಸಿ. ಭಾನುವಾರ ಒಂದೆರಡು ಗಂಟೆ ಜಾಸ್ತಿ ಮಲಗಲು ಬಿಡಿ, ಬೈಯಬೇಡಿ. ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ರಾತ್ರಿ ಒಂಬತ್ತರ ಟ್ಯೂಷನ್ ಬ್ಯಾಚಿಗೆ ಹೆಸರು ಬರೆಸುವ ಮೊದಲು ಇನ್ನೊಮ್ಮೆ ಯೋಚಿಸಿ. ಇಷ್ಟನ್ನೆಲ್ಲ ಮಾಡಿದರೂ ಐದಕ್ಕೆ ಏಳಲೇಬೇಕಾದ ಮಗುವಿಗೆ ಎಂಟು ಗಂಟೆ ಸಿಗುವುದು ಕಷ್ಟ. ಅದಕ್ಕೇ ಈ ಪತ್ರ ಮೊದಲು ಸಚಿವರಿಗೆ.

ಗೋಡೆಗೆ ತಲೆ ಬಡಿಸಿಕೊಂಡ ಆ ಹುಡುಗ ಈಗ ಡಿಪ್ಲೊಮಾ ಓದುತ್ತಿದ್ದಾನೆ. ಮೊನ್ನೆ ವಿಜಯನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಅವತ್ತಿನ ವಿಷಯಕ್ಕೆ ನಾನು ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಮಿಸ್" ಅಂದು, ತನ್ನ ತಂಗಿ ಈಗ ನಮ್ಮದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಅಂತ ಹೇಳಿದ. ವ್ಯಾನ್ ಈಗ 6:10ಕ್ಕಲ್ಲ, 6ಕ್ಕೇ ಬರುತ್ತದಂತೆ.

ಸಚಿವರೇ, ಮುಂದಿನ ವರ್ಷದ ಟೈಮ್‌ಟೇಬಲ್ಲನ್ನು ಶಾಲೆಗಳು ಬೇಸಿಗೆ ರಜೆಯಲ್ಲಿ ಮಾಡಿ ಮುಗಿಸುತ್ತವೆ. ವ್ಯಾನಿನವರ ಜೊತೆ ಮಾತುಕತೆಯೂ ಆಗಲೇ ಮುಗಿಯುತ್ತದೆ. ನಿಮ್ಮ ಆದೇಶ ಮಾರ್ಚ್ ತಿಂಗಳ ಒಳಗೆ ಬಂದರೆ ಜೂನ್‌ನಲ್ಲಿ ಆ ಹುಡುಗಿ ಹತ್ತನೇ ತರಗತಿಗೆ ಎರಡನೇ ಟ್ರಿಪ್ಪಿನಲ್ಲಿ ಬರಬಹುದು.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ಬೆಂಗಳೂರು